ಹೊರಗಿನ ಡಿಸ್ಕ್: ದೂರುವ ಮೊದಲು ಕೇಬಲ್ ನೋಡಿ

ಮನೆಯ ಡೆಸ್ಕ್‌ಟಾಪ್‌ಗೆ ಹೊರಗಿನಿಂದ ಡಿಸ್ಕ್ ಜೋಡಿಸುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಹೆಚ್ಚಿನವರ ಅನುಮಾನ ಡಿಸ್ಕಿನ ಮೇಲೆಯೇ. ಆದರೆ ಬಹಳಷ್ಟು ಸಲ ತಪ್ಪು ಕೇಬಲ್ಲಿನದು, ಪೋರ್ಟಿನದು, ಇಲ್ಲವೇ ಸಾಲದ ಕರೆಂಟಿನದು.

ಪ್ರಶ್ನೆ: ಕಂಪ್ಯೂಟರಿನ ಡ್ರೈವ್ ತುಂಬಿಹೋಗಿದೆ. ಫೋಟೊ, ವಿಡಿಯೊಗಳನ್ನು ಹೊರಗಿನ ಡಿಸ್ಕಿಗೆ ಹಾಕಬೇಕು. ಹಾರ್ಡ್ ಡಿಸ್ಕ್ ಕೊಳ್ಳಲೋ, ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದೆ ಚಿಪ್ಪುಗಳಲ್ಲೇ ಡೇಟಾ ಇಡುವ ಡ್ರೈವ್) ಕೊಳ್ಳಲೋ?

ಉತ್ತರ: ಒಮ್ಮೆ ತುಂಬಿಸಿಟ್ಟು ಬೇಕಾದಾಗ ತೆರೆದು ನೋಡುವ ಫೈಲುಗಳಿಗೆ ಹಾರ್ಡ್ ಡಿಸ್ಕೇ ಸಾಕು. ಡಿಸ್ಕಿನಲ್ಲೇ ಇಟ್ಟುಕೊಂಡು ವಿಡಿಯೊ ಎಡಿಟ್ ಮಾಡುವುದಾದರೆ, ಗೇಮ್ ಇನ್‌ಸ್ಟಾಲ್ ಮಾಡುವುದಾದರೆ ಎಸ್‌ಎಸ್‌ಡಿ ಬೇಕು. ಪೋರ್ಟಬಲ್ ಹಾರ್ಡ್ ಡಿಸ್ಕ್ ಒಂದೇ ದೊಡ್ಡ ಫೈಲನ್ನು ಸೆಕೆಂಡಿಗೆ 100ರಿಂದ 140 ಎಂಬಿ ವೇಗದಲ್ಲಿ ಬರೆಯುತ್ತದೆ. ಸಾವಿರಾರು ಚಿಕ್ಕ ಫೈಲುಗಳಾದರೆ ತಿರುಗುವ ಪ್ಲೇಟಿನ ಮೇಲೆ ಓದಿ ಬರೆಯುವ ಅದರ ಹೆಡ್ ಪ್ರತಿ ಫೈಲಿಗೂ ಓಡಾಡಬೇಕಾಗಿ, ವೇಗ ಕೆಲವೇ ಎಂಬಿಗೆ ಇಳಿಯುತ್ತದೆ.

ಹಾರ್ಡ್ ಡಿಸ್ಕಿನಲ್ಲೂ ಎರಡು ಬಗೆ. 2.5 ಇಂಚಿನ ಪೋರ್ಟಬಲ್ ಡಿಸ್ಕ್ ಯುಎಸ್‌ಬಿ ಕೇಬಲ್‌ನಿಂದಲೇ ಕರೆಂಟ್ ತೆಗೆದುಕೊಳ್ಳುತ್ತದೆ. 3.5 ಇಂಚಿನದಕ್ಕೆ 12 ವೋಲ್ಟಿನ ಅಡಾಪ್ಟರ್ ಬೇರೆ ಬೇಕು. ಡಿಸ್ಕ್ ಮೇಜು ಬಿಟ್ಟು ಕದಲುವುದಿಲ್ಲ ಎಂದಾದರೆ ನನ್ನ ಸಲಹೆ 3.5 ಇಂಚಿನದೇ. ವೇಗ ಹೆಚ್ಚು, ಕರೆಂಟಿನ ತಕರಾರೂ ಇಲ್ಲ. ಚಿಕ್ಕ ಡಿಸ್ಕುಗಳಲ್ಲಿ ಬಹುಪಾಲು ‘ಎಸ್‌ಎಂಆರ್’ ಬಗೆಯವು: ಹೆಂಚು ಹೊದಿಸಿದ ಹಾಗೆ ಒಂದು ಟ್ರ್ಯಾಕಿನ ಅಂಚಿನ ಮೇಲೆ ಇನ್ನೊಂದು ಟ್ರ್ಯಾಕ್ ಕೂತಿರುತ್ತದೆ. ನಡುವಿನ ಒಂದು ಹೆಂಚು ಬದಲಿಸಲು ಅಕ್ಕಪಕ್ಕದವನ್ನೂ ಎತ್ತಬೇಕಲ್ಲ, ಹಾಗೆಯೇ ಇಲ್ಲೂ ಸುತ್ತಲಿನದನ್ನೆಲ್ಲ ಮತ್ತೆ ಬರೆಯಬೇಕು. ನೂರಾರು ಜಿಬಿಯನ್ನು ಒಂದೇ ಸಲ ಹಾಕಿದಾಗ ಅರ್ಧದಲ್ಲಿ ವೇಗ ಕುಸಿಯಲು ಇದೂ ಒಂದು ಕಾರಣ. ಕೆಟ್ಟಿದೆ ಎಂದು ಗಾಬರಿಬಿದ್ದು ಕೇಬಲ್ ಕೀಳಬೇಡಿ.

2 ಟಿಬಿ ಡಿಸ್ಕ್ ವಿಂಡೋಸಿನಲ್ಲಿ 1.81 ಎಂದು ಕಾಣುವುದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ.

ಪ್ರಶ್ನೆ: ಡಬ್ಬಿಯ ಮೇಲೆ ಯುಎಸ್‌ಬಿ 3.0 ಎಂದಿದೆ. ಕಾಪಿ ಮಾಡಿದರೆ ಸೆಕೆಂಡಿಗೆ 35 ಎಂಬಿ ದಾಟುವುದಿಲ್ಲ. ಡಿಸ್ಕ್ ಬದಲಾಯಿಸಿಕೊಳ್ಳಬೇಕೇ?

ಉತ್ತರ: ಈಗಲೇ ಬೇಡ. ವೇಗ 35ರ ಆಸುಪಾಸಿಗೆ ಬಂದು ಅಲ್ಲೇ ನಿಂತಿದ್ದರೆ ಡಿಸ್ಕ್ ಯುಎಸ್‌ಬಿ 2.0 ದಾರಿಯಲ್ಲಿ ಓಡುತ್ತಿದೆ ಎಂದೇ ತಿಳಿಯಿರಿ. 2.0ರ ಲೆಕ್ಕದ ವೇಗ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಎಂಬಿ. ಕೈಗೆ ಸಿಗುವುದು 30ರಿಂದ 40 ಎಂಬಿ. 3.0ರದು 5 ಗಿಗಾಬಿಟ್, ಯಾವ ಹಾರ್ಡ್ ಡಿಸ್ಕಿಗೂ ಧಾರಾಳ. ಅಂದಹಾಗೆ 3.0, 3.1 ಜೆನ್ 1, 3.2 ಜೆನ್ 1 ಮೂರೂ ಒಂದೇ. ಹೆಸರು ಮಾತ್ರ ಬದಲಾಗಿದೆ.

ಮೊದಲು ಟಾರ್ಚ್ ಹಿಡಿದು ಪೋರ್ಟಿನೊಳಗೆ ನೋಡಿ. 2.0 ಪೋರ್ಟಿನ ಪಟ್ಟಿಯ ಮೇಲೆ ಲೋಹದ ನಾಲ್ಕು ಗೆರೆಗಳಷ್ಟೇ ಇರುತ್ತವೆ. 3.0 ಪೋರ್ಟಿನಲ್ಲಿ ಆ ನಾಲ್ಕರ ಜೊತೆಗೆ ಇನ್ನೂ ಐದು ಇರುತ್ತವೆ, ಪಟ್ಟಿಯ ಬಣ್ಣ ಸಾಮಾನ್ಯವಾಗಿ ನೀಲಿ. ಪ್ಲಗ್ಗನ್ನು ಮೆಲ್ಲಗೆ ತೂರಿಸಿದರೆ ಮೊದಲ ನಾಲ್ಕು ತಾಗಿದ ಕೂಡಲೇ ಕಂಪ್ಯೂಟರ್ ಅದನ್ನು 2.0 ಎಂದು ಗುರುತಿಸಿಬಿಡುವುದುಂಟು. ತೆಗೆದು, ಒಂದೇ ಸಲಕ್ಕೆ ಪೂರ್ತಿ ಒಳಗೆ ಹೋಗುವಂತೆ ಚುಚ್ಚಿ.

ಆಮೇಲೆ ಡಿಸ್ಕಿನ ಕಡೆಯ ತುದಿ. ಅನೇಕ ಪೋರ್ಟಬಲ್ ಡಿಸ್ಕುಗಳಲ್ಲಿ ಅಗಲವಾದ, ಎರಡು ಭಾಗವಾಗಿ ಕಾಣುವ ಮೈಕ್ರೋ-ಬಿ ಕಿಂಡಿ ಇರುತ್ತದೆ. ಅದರ ದೊಡ್ಡ ಭಾಗಕ್ಕೆ ಹಳೆಯ ಫೋನಿನ ಮೈಕ್ರೋ ಯುಎಸ್‌ಬಿ ಕೇಬಲ್ಲೂ ಕೂರುತ್ತದೆ, ಡಿಸ್ಕ್ ಓಡಲೂಬಹುದು. ಆದರೆ ಆಗ ಸಿಗುವುದು 2.0 ವೇಗವೇ. ಮನೆಯಲ್ಲಿ ಸಿಕ್ಕಿದ ಕೇಬಲ್ ಹಾಕಿದ್ದರೆ ಡಬ್ಬಿಯಲ್ಲಿ ಬಂದದ್ದನ್ನು ಹುಡುಕಿ ಹಾಕಿ.

ಇನ್ನೊಂದು ಜಾಗವನ್ನು ಯಾರೂ ನೋಡುವುದೇ ಇಲ್ಲ. ಕ್ಯಾಬಿನೆಟ್ಟಿನ ಮುಂಭಾಗದ ನೀಲಿ ಪೋರ್ಟಿನಿಂದ ಒಳಗೆ ಒಂದು ದಪ್ಪ ವೈರು ಮದರ್‌ಬೋರ್ಡಿಗೆ ಹೋಗುತ್ತದೆ. ಬೋರ್ಡಿನಲ್ಲಿ 3.0 ಕನೆಕ್ಟರ್ ಇಲ್ಲದಿದ್ದರೆ ಜೋಡಿಸಿದವರು ಆ ವೈರನ್ನು ಕನ್ವರ್ಟರ್ ಮೂಲಕ 9 ಪಿನ್ನಿನ 2.0 ಕನೆಕ್ಟರಿಗೆ ಸಿಕ್ಕಿಸಿರಬಹುದು. ಬಣ್ಣ ನೀಲಿ, ಕೆಲಸ ಮಾತ್ರ 2.0. ಹಿಂಭಾಗದ ಪೋರ್ಟುಗಳು ಮದರ್‌ಬೋರ್ಡಿನ ಮೇಲೆಯೇ ಇರುವುದರಿಂದ ಪರೀಕ್ಷೆ ಯಾವಾಗಲೂ ಅಲ್ಲೇ ಮಾಡಿ. 4–5 ಜಿಬಿಯ ಒಂದೇ ಫೈಲ್ ಕಾಪಿಗೆ ಹಾಕಿ, ಶುರುವಿನ ಅಂಕಿ ಬಿಟ್ಟು ಅರ್ಧ ದಾಟಿದ ಮೇಲಿನ ವೇಗ ನೋಡಿ. ಶುರುವಿನದು ಬಹುಮಟ್ಟಿಗೆ ಮೆಮೊರಿಯ ವೇಗ.

ಪ್ರಶ್ನೆ: ಡಿಸ್ಕ್ ಚುಚ್ಚಿದರೆ ಟಿಕ್ ಟಿಕ್ ಸದ್ದು ಬರುತ್ತದೆ, ಕಾಣಿಸಿಕೊಂಡು ಮಾಯವಾಗುತ್ತದೆ.

ಉತ್ತರ: ಕರೆಂಟ್ ಸಾಲದಿದ್ದರೂ ಇದೇ ಸದ್ದು, ಹೆಡ್ ಹಾಳಾಗಿದ್ದರೂ ಇದೇ ಸದ್ದು. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪ್, 3.0 ಪೋರ್ಟ್ 900. ಹಾರ್ಡ್ ಡಿಸ್ಕಿನ ಮೋಟಾರ್ ತಿರುಗಲು ಶುರುಮಾಡುವ ಕ್ಷಣದಲ್ಲಿ 1 ಆಂಪಿಯರ್ ಹತ್ತಿರ ಕೇಳುವುದುಂಟು. ಮುಂಭಾಗದ ಪೋರ್ಟ್, ಉದ್ದನೆಯ ಎಕ್ಸ್‌ಟೆನ್ಶನ್, ಅಡಾಪ್ಟರ್ ಇಲ್ಲದ ಹಬ್ – ಇವುಗಳಲ್ಲಿ ವೋಲ್ಟೇಜ್ ಇಳಿದು ಮೋಟಾರ್ ಅರ್ಧ ತಿರುಗಿ ನಿಲ್ಲುತ್ತದೆ. ಗಿಡ್ಡ ಕೇಬಲ್‌ನಲ್ಲಿ ನೇರವಾಗಿ ಹಿಂದಿನ ಪೋರ್ಟಿಗೆ ಹಾಕಿ ನೋಡಿ. ಹಬ್ ಬೇಕೇ ಬೇಕೆಂದರೆ ಸ್ವಂತ ಅಡಾಪ್ಟರ್ ಇರುವುದನ್ನು ತನ್ನಿ.

ಬೇರೆ ಕೇಬಲ್, ಬೇರೆ ಕಂಪ್ಯೂಟರ್ ಎರಡರಲ್ಲೂ ಅದೇ ಸದ್ದು ಬಂದರೆ ಅಲ್ಲಿಗೆ ನಿಲ್ಲಿಸಿ. ಮತ್ತೆ ಮತ್ತೆ ಚುಚ್ಚಿ ನೋಡಿದಷ್ಟೂ ಕೆಟ್ಟ ಹೆಡ್ ಪ್ಲೇಟನ್ನು ಕೆರೆಯಬಹುದು. ಒಳಗಿನ ಫೈಲುಗಳು ಬೇಕಾದವಾಗಿದ್ದರೆ ಡೇಟಾ ರಿಕವರಿ ಬಲ್ಲವರಿಗೆ ಕೊಡುವುದೊಂದೇ ದಾರಿ.

ಸದ್ದಿಲ್ಲದೆ, ಸುಮ್ಮನೆ ಇಟ್ಟಾಗ ಮಾತ್ರ ಮಾಯವಾಗುವುದಾದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಅನ್ನು ಡಿಸೇಬಲ್ ಮಾಡಿ ನೋಡಿ.

ಪ್ರಶ್ನೆ: ಹೊಸ ಡಿಸ್ಕ್ ಹಾಕಿದಾಗ ವಿಂಡೋಸಿನ ಸದ್ದು ಬರುತ್ತದೆ, ‘ದಿಸ್ ಪಿಸಿ’ಯಲ್ಲಿ ಕಾಣುವುದಿಲ್ಲ.

ಉತ್ತರ: ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಕೆಳಗಿನ ಪಟ್ಟಿಯಲ್ಲಿ ಡಿಸ್ಕಿನ ಗಾತ್ರ ನೋಡಿ ಅದೇ ಎಂದು ಖಚಿತಪಡಿಸಿಕೊಳ್ಳಿ. ಇಲ್ಲಿ ಒಂದು ಸಾಲು ತಪ್ಪಿದರೆ ಬೇರೆ ಡಿಸ್ಕ್ ಅಳಿಸಿಹೋಗುತ್ತದೆ. ‘ನಾಟ್ ಇನಿಶಿಯಲೈಸ್ಡ್’ ಎಂದಿದ್ದರೆ ಇನಿಶಿಯಲೈಸ್ ಮಾಡಿ, ಅಂದರೆ ಬಳಕೆಗೆ ಅಣಿಗೊಳಿಸಿ. ಡಿಸ್ಕಿನ ಭಾಗಗಳ ಪಟ್ಟಿ ಬರೆದಿಡುವ ಎರಡು ಪದ್ಧತಿಗಳಲ್ಲಿ ಜಿಪಿಟಿ ಆರಿಸಿ. ಎಂಬಿಆರ್ ಆರಿಸಿದರೆ ಸಾಮಾನ್ಯವಾಗಿ 2 ಟಿಬಿ ಆಚೆಗಿನ ಜಾಗ ಬಳಕೆಗೆ ಸಿಗುವುದಿಲ್ಲ. ಬಳಿಕ ಕಪ್ಪು ಪಟ್ಟಿಯಿರುವ ‘ಅನ್‌ಅಲೊಕೇಟೆಡ್’ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ ‘ನ್ಯೂ ಸಿಂಪಲ್ ವಾಲ್ಯೂಮ್’, ಕ್ವಿಕ್ ಫಾರ್ಮ್ಯಾಟ್. ಡ್ರೈವ್ ಅಕ್ಷರ ಎಂ ಅಥವಾ ಅದರಾಚೆಯದು ಕೊಡಿ. ಇ, ಎಫ್‌ಗಳನ್ನು ಪೆನ್ ಡ್ರೈವುಗಳು ಆಗಾಗ ಹಿಡಿದುಕೊಂಡು ಗೊಂದಲ ಮಾಡುತ್ತವೆ.

ಪಾರ್ಟಿಷನ್ (ಡಿಸ್ಕಿನಲ್ಲಿ ಗುರುತು ಮಾಡಿದ ಭಾಗ) ಇದ್ದು ಅಕ್ಷರ ಮಾತ್ರ ಇಲ್ಲದಿದ್ದರೆ ‘ಚೇಂಜ್ ಡ್ರೈವ್ ಲೆಟರ್’ ಸಾಕು, ಫಾರ್ಮ್ಯಾಟ್ ಬೇಡ.

ಪ್ರಶ್ನೆ: ಫಾರ್ಮ್ಯಾಟ್ ಮಾಡುವಾಗ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಆರಿಸಬೇಕು. ಎನ್‌ಟಿಎಫ್‌ಎಸ್ ಒಳ್ಳೆಯದೋ, ಎಕ್ಸ್‌ಫ್ಯಾಟೋ?

ಉತ್ತರ: ವಿಂಡೋಸ್ ಕಂಪ್ಯೂಟರಿಗೆ ಮಾತ್ರವಾದರೆ ಎನ್‌ಟಿಎಫ್‌ಎಸ್. ಅದು ಮಾಡುವ ಬದಲಾವಣೆಗಳಿಗೆ ದಾಖಲೆ ಇಟ್ಟುಕೊಳ್ಳುವುದರಿಂದ, ನಡುವೆ ಕರೆಂಟ್ ಹೋದರೂ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಮ್ಯಾಕ್‌ನಲ್ಲೂ ಬರೆಯಬೇಕಾದರೆ ಎಕ್ಸ್‌ಫ್ಯಾಟ್. ಫ್ಯಾಟ್32 ಬೇಡ, 4 ಜಿಬಿ ಅಥವಾ ಹೆಚ್ಚಿನ ಫೈಲು ಅದರಲ್ಲಿ ಕೂರುವುದಿಲ್ಲ.

ಪ್ರಶ್ನೆ: ಹಳೆಯ ಕಂಪ್ಯೂಟರಿನ ಒಳಗಿನ ಡಿಸ್ಕನ್ನು ಯುಎಸ್‌ಬಿ ಡಾಕ್‌ನಲ್ಲಿ (ಒಳಗಿನ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಸಾಧನ) ಹಾಕಿದೆ. ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎನ್ನುತ್ತಿದೆ. ಅದರಲ್ಲಿ ಮಕ್ಕಳ ಫೋಟೊಗಳಿವೆ.

ಉತ್ತರ: ದಯವಿಟ್ಟು ‘ಕ್ಯಾನ್ಸಲ್’ ಒತ್ತಿ. ಫೋಟೊಗಳು ಇನ್ನೂ ಅಲ್ಲೇ ಇರುವ ಸಂಭವ ಹೆಚ್ಚು. ವಿಂಡೋಸಿಗೆ ಓದಲು ಬರುತ್ತಿಲ್ಲ ಎಂಬುದಷ್ಟೇ ಆ ಸಂದೇಶದ ಅರ್ಥ.

ಡಿಸ್ಕ್ ಡೇಟಾವನ್ನು ಸೆಕ್ಟರ್ ಎಂಬ ಚಿಕ್ಕ ತುಂಡುಗಳಲ್ಲಿ ಇಡುತ್ತದೆ. ಕೆಲವು ಡಾಕ್‌ಗಳು 512 ಬೈಟ್ ಸೆಕ್ಟರಿನ ಡಿಸ್ಕನ್ನು 4096 ಬೈಟಿನದು ಎಂದು ತೋರಿಸುತ್ತವೆ. ಆಗ ಪಾರ್ಟಿಷನ್ ಎಲ್ಲಿ ಶುರುವಾಗುತ್ತದೆ ಎಂಬ ಲೆಕ್ಕವೇ ತಪ್ಪುತ್ತದೆ. ಕಂಪ್ಯೂಟರ್ ಆಫ್ ಮಾಡಿ, ಡಿಸ್ಕನ್ನು ನೇರ ಮದರ್‌ಬೋರ್ಡಿನ ಸಾಟಾ ಕೇಬಲ್ಲಿಗೂ ಪವರ್ ಕೇಬಲ್ಲಿಗೂ ಜೋಡಿಸಿ ನೋಡಿ. ಅಲ್ಲಿ ಫೋಲ್ಡರುಗಳು ತೆರೆದುಕೊಂಡರೆ ಮೊದಲು ಎಲ್ಲವನ್ನೂ ಬೇರೆ ಕಡೆಗೆ ಕಾಪಿ ಮಾಡಿ. ಅಲ್ಲೂ ತೆರೆಯದಿದ್ದರೆ ಚೆಕ್‌ಡಿಸ್ಕ್ ಓಡಿಸಬೇಡಿ: ಅದು ಫೈಲ್ ಸಿಸ್ಟಮ್ ಸರಿಪಡಿಸುವ ಭರದಲ್ಲಿ ಫೈಲುಗಳ ಗುರುತನ್ನೇ ಕಿತ್ತುಹಾಕಬಹುದು. ಡಿಸ್ಕಿನ ಪೂರ್ತಿ ಇಮೇಜ್ ಬೇರೆ ಡಿಸ್ಕಿಗೆ ತೆಗೆದುಕೊಂಡು, ರಿಕವರಿ ಪ್ರಯತ್ನವನ್ನು ಆ ನಕಲಿನ ಮೇಲೆ ಮಾಡಿ.

ಬೀಗದ ಚಿಹ್ನೆ ಕಂಡರೆ ಅದು ಬಿಟ್‌ಲಾಕರ್, ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ವ್ಯವಸ್ಥೆ. ಪಾಸ್‌ವರ್ಡ್ ಇಲ್ಲದಿದ್ದರೆ 48 ಅಂಕಿಗಳ ರಿಕವರಿ ಕೀ ಬೇಕು. ಹಳೆಯ ಕಂಪ್ಯೂಟರಿಗೆ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ. ‘ಅನುಮತಿ ಇಲ್ಲ’ ಎಂದು ಬಂದರೆ ‘ಕಂಟಿನ್ಯೂ’ ಒತ್ತಿ ಕಾಯಿರಿ. ಫೋಲ್ಡರ್ ದೊಡ್ಡದಿದ್ದರೆ ಹಸಿರು ಪಟ್ಟಿ ಮೇಲೆ ತೆವಳುತ್ತ ಹಲವು ನಿಮಿಷ ಹಿಡಿಯುತ್ತದೆ.

ಪ್ರಶ್ನೆ: ಫೋಟೊಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಹಾಕಿ ಕಂಪ್ಯೂಟರಿನಿಂದ ಅಳಿಸಿದೆ. ಬ್ಯಾಕಪ್ ಆಯಿತಲ್ಲ?

ಉತ್ತರ: ಆಗಲಿಲ್ಲ, ಜಾಗ ಬದಲಾಯಿತು. ಒಂದೇ ಪ್ರತಿ ಇರುವವರೆಗೆ ಅದು ಬ್ಯಾಕಪ್ ಅಲ್ಲ. ಎರಡನೆಯ ಡಿಸ್ಕಿಗೂ ಒಂದು ಪ್ರತಿ ಹಾಕಿ, ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿಡದೆ ಬೇರೆಡೆ ಇಡಿ. ಆ ಎರಡನೆಯದು ಎಸ್‌ಎಸ್‌ಡಿ ಆಗುವುದು ಬೇಡ. ವರ್ಷಗಟ್ಟಲೆ ಕರೆಂಟಿಲ್ಲದೆ ಇಟ್ಟರೆ ಅದರ ಚಾರ್ಜ್ ಸೋರಿ ಡೇಟಾ ಹೋಗಬಹುದು.

ಪ್ರಶ್ನೆ: ‘ಸೇಫ್ಲಿ ರಿಮೂವ್’ ಒತ್ತಿದರೆ ಡಿಸ್ಕ್ ಬಳಕೆಯಲ್ಲಿದೆ ಎನ್ನುತ್ತದೆ, ಏನೂ ತೆರೆದಿಲ್ಲ.

ಉತ್ತರ: ಆ್ಯಂಟಿವೈರಸ್ ಅಥವಾ ಸರ್ಚ್ ಇಂಡೆಕ್ಸಿಂಗ್ ಒಳಗೊಳಗೇ ಓದುತ್ತಿರಬಹುದು. ಇವೆಂಟ್ ವ್ಯೂವರ್ ತೆರೆದು ‘ವಿಂಡೋಸ್ ಲಾಗ್ಸ್’ನ ‘ಸಿಸ್ಟಮ್’ನಲ್ಲಿ ‘ಕರ್ನೆಲ್-ಪಿಎನ್‌ಪಿ’ಯ 225ನೇ ನಂಬರಿನ ಸಾಲು ಹುಡುಕಿ. ತಡೆದ ಪ್ರೋಗ್ರಾಮಿನ ಹೆಸರು ಅದರಲ್ಲೇ ಇರುತ್ತದೆ. ಸಿಗಲಿಲ್ಲವೆಂದರೆ ಕಂಪ್ಯೂಟರ್ ಶಟ್‌ಡೌನ್ ಮಾಡಿ, ಡಿಸ್ಕಿನ ದೀಪ ಆರಿ ತಿರುಗುವ ಸದ್ದು ನಿಂತ ಮೇಲೆ ಕೇಬಲ್ ತೆಗೆಯಿರಿ.