ಯಾರ ಮುಂದೆ ನಾಚಿಕೆ?

ಕೊಡಗಿನ ನಾಪೋಕ್ಲಿನ ಓದುಗರೊಬ್ಬರು ಬರೆದಿದ್ದಾರೆ: "ದೇವಸ್ಥಾನ ಸಮಿತಿಯಲ್ಲಿದ್ದಾಗ ಪ್ರತಿ ರೂಪಾಯಿಗೂ ರಸೀದಿ ಇಟ್ಟವರು, ಪಂಚಾಯಿತಿ ಸದಸ್ಯರಾದ ಮೇಲೆ ರಸ್ತೆ ಕಾಮಗಾರಿಯಲ್ಲಿ ಪಾಲು ಕೇಳಿದರು. ದೇವರ ಭಯವಿದ್ದಲ್ಲಿ ಮಾತ್ರ ಮನುಷ್ಯ ನೆಟ್ಟಗಿರುತ್ತಾನೆ. ರಾಜಕೀಯಕ್ಕೆ ಆ ಭಯವನ್ನು ತರುವುದು ಹೇಗೆ?"

ಮಾನ್ಯರೇ,

ದೇವರಿಗೆ ರಸೀದಿ ಬೇಕಿಲ್ಲ. ಆ ಮಹನೀಯರು ಅದನ್ನು ಇಟ್ಟದ್ದು ಹಬ್ಬ ಮುಗಿದ ಮೇಲೆ ಲೆಕ್ಕ ಕೇಳಲು ಕೂರುವ ತಕ್ಕರಿಗಾಗಿ, ಅಂದರೆ ಊರ ಹಿರಿಯ ಮುಖ್ಯಸ್ಥರಿಗಾಗಿ, ಊರವರಿಗಾಗಿ. ಅವರೆಲ್ಲ ಜೇಬಿನಿಂದ ವಂತಿಗೆ ಕೊಟ್ಟವರು; ನಾಳೆ ಮದುವೆ ಮನೆಯಲ್ಲಿ ಇವರ ಪಕ್ಕದಲ್ಲೇ ಊಟಕ್ಕೆ ಕೂರುವವರು. ಪಂಚಾಯಿತಿಯ ಹಣವನ್ನಾದರೋ ನಾವೇ 'ಸರ್ಕಾರದ ದುಡ್ಡು' ಎಂದು ಕರೆದು ಯಾರದೂ ಅಲ್ಲದ್ದು ಮಾಡಿಬಿಟ್ಟಿದ್ದೇವೆ.

ಕಾನೂನಿನ ಭಯ ಸಾಲದೇ ಎನ್ನಬಹುದು. ಪಕ್ಷಾಂತರ ನಿಷೇಧ ಕಾಯ್ದೆ 1985ರಲ್ಲಿ ಬಂತು. ನಮ್ಮ ಶಾಸಕರು ರಾಜೀನಾಮೆ ಕೊಟ್ಟು, ಬೇರೆ ಪಕ್ಷದಿಂದ ಉಪಚುನಾವಣೆಗೆ ನಿಲ್ಲುವ ದಾರಿ ಕಂಡುಕೊಂಡರು.

ಇನ್ನು ಮನಸ್ಸಾಕ್ಷಿ. ಅದು ಇಲ್ಲವೆಂದು ನಾನು ಹೇಳುವುದಿಲ್ಲ, ಹೊರಗಿನಿಂದ ಅಳೆಯಲು ಬರುವುದಿಲ್ಲ ಅಷ್ಟೆ. 1952ರಲ್ಲಿ ಕೊಡಗು ಪ್ರತ್ಯೇಕ ರಾಜ್ಯ. 24 ಸ್ಥಾನಗಳ ವಿಧಾನಸಭೆ, ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ. ಅವರು ಮೈಸೂರಿನೊಂದಿಗೆ ವಿಲೀನದ ಪರ ನಿಂತರು. 1956ರ ನವೆಂಬರ್ 1ರಂದು ರಾಜ್ಯದ ಜೊತೆಗೆ ಅವರ ಕುರ್ಚಿಯೂ ಹೋಯಿತು. ತ್ಯಾಗವೇ? ಮುಂದೆ ಅವರು ಕೇಂದ್ರದ ರೈಲ್ವೆ ಸಚಿವರಾದರಲ್ಲ ಎಂದು ಕೊಂಕು ತೆಗೆಯುವವರು ಇದ್ದೇ ಇರುತ್ತಾರೆ. ವಿಲೀನವನ್ನು ವಿರೋಧಿಸಿದ ಗಾಂಧೀವಾದಿ ಪಂದ್ಯಂಡ ಬೆಳ್ಯಪ್ಪನವರದೂ ನಾಡಿನ ಹಿತದ ಮಾತೇ. ಇಬ್ಬರ ಎದೆಯನ್ನೂ ಬಗೆದು ನೋಡುವ ಕೆಲಸ ನನಗೆ ಬೇಡ. ಇಬ್ಬರೂ ಜನರ ಎದುರು ನಿಂತು ತಮ್ಮ ನಿಲುವಿಗೆ ಕಾರಣ ಕೊಡಬೇಕಾಗಿತ್ತು, ಕೊಟ್ಟರು. ರಾಜಕೀಯದಲ್ಲಿ ನಾವು ಹಕ್ಕಿನಿಂದ ಕೇಳಬಹುದಾದದ್ದು ಅಷ್ಟು.

ಆದರೆ ನಾಲ್ಕು ಜನರ ಮುಂದಿನ ನಾಚಿಕೆಯನ್ನು ನಾನು ಪೂರ್ತಿ ನಂಬುವವನೂ ಅಲ್ಲ. ಆ ನಾಲ್ಕು ಜನ ಯಾರು? ಸ್ವಂತ ಒಕ್ಕ (ಮನೆತನ), ಸ್ವಂತ ಜಾತಿ, ತೋಟದ ಮಾಲೀಕರು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಪರಿಹಾರ ಕೇಂದ್ರಗಳಿಗೆ ಅಕ್ಕಿ, ಕಂಬಳಿ ಹೊತ್ತು ಬಂದವರಿಗೆ ಯಾವ ಕಾಯ್ದೆಯೂ ಬೇಕಾಗಲಿಲ್ಲ. ಅದಕ್ಕೂ ಮೊದಲು, 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ಇದೇ ಜಿಲ್ಲೆಯಲ್ಲಿ ಅಂಥ ಧಾವಂತ ಕಾಣಲಿಲ್ಲ. ಬೀದಿಗೆ ಬಿದ್ದವರ ಕಷ್ಟವೇನು ಕಡಿಮೆಯದೇ? ಅವರ ಮುಂದೆ ತಲೆ ತಗ್ಗಿಸಬೇಕಾದೀತು ಎಂಬ ಅಳುಕು ನಮಗೆ ಇರಲಿಲ್ಲ. ಯರವರ, ಜೇನು ಕುರುಬರ ಕಣ್ಣಿಗೆ ತಾನು ಹೇಗೆ ಕಾಣುತ್ತೇನೆ ಎಂದು ಚಿಂತಿಸುವ ಪಂಚಾಯಿತಿ ಸದಸ್ಯ ಈ ನಾಡಿನಲ್ಲಿ ಅಪರೂಪ. ನಿಮ್ಮ ಪತ್ರದಲ್ಲೂ, ಕ್ಷಮಿಸಿ, ಅವರ ಸುದ್ದಿಯಿಲ್ಲ. ಆ ರಸ್ತೆಯಲ್ಲಿ ದಿನವೂ ನಡೆದು ಹೋಗುವವರು ಹೆಚ್ಚಾಗಿ ಅವರೇ ಇರಬೇಕು.

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕೆಂದು ಕಾನೂನು ಹೇಳುತ್ತದೆ. ಕೆಲಸದ ದಿನ ಹನ್ನೊಂದು ಗಂಟೆಗೆ ಸಭೆ ಕರೆದರೆ ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರು ಕೂಲಿ ಬಿಟ್ಟು ಹೇಗೆ ಬಂದಾರು? ಮುಂದಿನ ಸಭೆಯನ್ನು ಭಾನುವಾರ, ಆದಿವಾಸಿಗಳ ಹಾಡಿಯ ಹತ್ತಿರವೇ ಕರೆಯಬೇಕು, ಆ ರಸ್ತೆಯ ಬಿಲ್ಲನ್ನು ಅಲ್ಲಿ ಗಟ್ಟಿಯಾಗಿ ಓದಬೇಕು ಎಂದು ಪಂಚಾಯಿತಿಗೆ ಬರೆದುಕೊಡಿ. ಕಾಫಿ ಕೊಯ್ಲಿನ ತಿಂಗಳಲ್ಲಿ ಇಡಬೇಡಿ ಎಂದೂ ಸೇರಿಸಿ.

— ಸಂಪಾದಕ