ನೀಲಿ ಹೋಯಿತು, ಸರಿ. ಹೋಗಿದ್ದು ಎಲ್ಲಿಗೆ?

ಪ್ರಶ್ನೆ: ನೀರಿನಲ್ಲಿ ಟೈಟಾನಿಯಂ ಬಿಲ್ಲೆ ಇಟ್ಟು ಲೇಸರ್ ಹೊಡೆದು ನ್ಯಾನೋ ಕಣ ಮಾಡಿದೆ. ಮೆಥಿಲೀನ್ ಬ್ಲೂ ಎಂಬ ನೀಲಿ ಡೈ (ಬಣ್ಣ) ದ್ರಾವಣಕ್ಕೆ ಹಾಕಿ ಬಿಳಿ ಎಲ್‌ಇಡಿ ದೀಪದ ಕೆಳಗಿಟ್ಟರೆ 40 ನಿಮಿಷದಲ್ಲಿ ನೀಲಿ ಮಾಯ. ಒಳ್ಳೆಯ ಫೋಟೋಕ್ಯಾಟಲಿಸ್ಟ್ (ಬೆಳಕು ಹೀರಿ ರಾಸಾಯನಿಕ ಕ್ರಿಯೆ ನಡೆಸುವ ವಸ್ತು) ಸಿಕ್ಕಿತು ಅಲ್ವಾ?

ಉತ್ತರ: ಈ ಪ್ರಶ್ನೆ ಓದಿ ಓದಿ ಸಾಕಾಗಿದೆ. ನೀರಿನಲ್ಲಿ ಹೊಡೆದ ಟೈಟಾನಿಯಂ ಆಕ್ಸಿಜನ್ ಜೊತೆ ಸೇರಿ ಟೈಟಾನಿಯಂ ಡೈಆಕ್ಸೈಡ್ ಆಗುತ್ತದೆ ಅಂತಿಟ್ಟುಕೊಳ್ಳಿ. ಅದರ ಅನಟೇಸ್ ಎಂಬ ಹರಳು ರೂಪದ ಬ್ಯಾಂಡ್ ಗ್ಯಾಪ್, ಅಂದರೆ ಒಳಗಿನ ಎಲೆಕ್ಟ್ರಾನನ್ನು ಬಿಡಿಸಲು ಬೇಕಾದ ಕನಿಷ್ಠ ಶಕ್ತಿ, 3.2 ಎಲೆಕ್ಟ್ರಾನ್ ವೋಲ್ಟ್. ಅಂದರೆ ಅದಕ್ಕೆ ಸುಮಾರು 387 ನ್ಯಾನೋಮೀಟರ್‌ಗಿಂತ ಗಿಡ್ಡ ಅಲೆಯ ಬೆಳಕೇ ಬೇಕು. ನಿಮ್ಮ ದೀಪದಲ್ಲಿ ಅದು ಇಲ್ಲವೇ ಇಲ್ಲ ಅನ್ನಬಹುದು. ಹಾಗಾದರೆ ನೀಲಿ ತೆಗೆದವರು ಯಾರು?

ಮೊದಲ ಅನುಮಾನ ಡೈ ಮೇಲೆಯೇ. ಅದು 664 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು ತಾನೇ ಹೀರಿ ಕೆಡುತ್ತದೆ. ಎರಡನೆಯದು, ಡೈ ಕಣಕ್ಕೆ ಅಂಟಿಕೊಂಡಿರಬಹುದು. ಲೇಸರ್ ಕಣಗಳ ಮೈಮೇಲೆ ಸರ್ಫ್ಯಾಕ್ಟಂಟ್ (ಸೋಪಿನಂಥ ವಸ್ತು) ಹೊದಿಕೆ ಇರುವುದಿಲ್ಲ. ಈ ವಿಧಾನದ ದೊಡ್ಡ ಗುಣವೇ ಅದು, ಆದರೆ ಬರಿ ಮೈಗೆ ಡೈ ಸುಲಭವಾಗಿ ಮೆತ್ತಿಕೊಳ್ಳುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ (ಗಿರಗಿರನೆ ತಿರುಗಿಸಿ ಕಣವನ್ನು ತಳಕ್ಕೆ ಕೂರಿಸುವ ಯಂತ್ರ) ಹಾಕಿ, ಟ್ಯೂಬಿನ ತಳ ನೋಡಿ. ಪುಡಿ ನೀಲಿಯಾಗಿದ್ದರೆ ಬಣ್ಣ ಎಲ್ಲೂ ಹೋಗಿಲ್ಲ, ಅಲ್ಲೇ ಕೂತಿದೆ. ನಾನೂ ಒಮ್ಮೆ ವಾರಗಟ್ಟಲೆ ಬೀಗಿ, ಆ ತಳ ನೋಡಿ ಪೆಚ್ಚಾದವನೇ.

ನಿಮ್ಮ ಕಣ ಬಿಳಿಯ ಬದಲು ನೀಲಿ-ಬೂದು ಬಣ್ಣಕ್ಕಿದ್ದರೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. ಲೇಸರ್ ಏಟಿಗೆ ಆಕ್ಸಿಜನ್ ಕೊರತೆ ಆದ ಕಣ ಕಣ್ಣಿಗೆ ಕಾಣುವ ಬೆಳಕನ್ನೂ ಹೀರುತ್ತದೆ. ಹೀರಿದ್ದೆಲ್ಲ ಕೆಲಸಕ್ಕೆ ಬರುತ್ತದೆ ಅಂತ ಮಾತ್ರ ತಿಳಿಯಬೇಡಿ. ಆಕ್ಸಿಜನ್ ಇಲ್ಲದ ಅದೇ ಖಾಲಿ ಜಾಗಗಳಲ್ಲಿ ಬೆಳಕು ಬಿಡಿಸಿದ ಎಲೆಕ್ಟ್ರಾನು, ಅದು ಬಿಟ್ಟುಹೋದ ತೆರವು (ಹೋಲು) ಮತ್ತೆ ಸೇರಿ ಸುಮ್ನೆ ಬಿಸಿಯಾಗಿ ಮುಗಿಯಬಹುದು.

ಈಗ ಕಣ ಹಾಕಿದ ಡೈಯನ್ನು ಕತ್ತಲಲ್ಲಿ ಅರ್ಧ ಗಂಟೆ ಕಲಕಿ, ಎಷ್ಟು ನೀಲಿ ಉಳಿದಿದೆ ಅಂತ ಅಳೆಯಿರಿ. ಕಣ ಹಾಕದ ಡೈಯನ್ನೂ ಅದೇ ದೀಪಕ್ಕಿಡಿ. ಆಮೇಲೆ ಫೀನಾಲ್‌ನಂಥ ಬಣ್ಣವಿಲ್ಲದ ವಸ್ತುವಿನ ಮೇಲೆ ಪ್ರಯೋಗ ಮಾಡಿ. ಅಲ್ಲೂ ಗೆದ್ದರೆ ಬರೆಯಿರಿ, ಓದುತ್ತೇನೆ.

ಪ್ರಶ್ನೆ: ಕಣ ಮಾಡಲು ಲೇಸರ್ ಪಾಯಿಂಟರ್ ಸಾಕಾ?

ಇಲ್ಲ. ಅದು 5 ಮಿಲಿವಾಟ್. ಕಣ ಮಾಡುವ ಲೇಸರ್‌ನಲ್ಲಿ 100 ಮಿಲಿಜೂಲ್ ಶಕ್ತಿ 10 ನ್ಯಾನೋಸೆಕೆಂಡಿನಲ್ಲಿ ಬಂದು ಬಿದ್ದರೆ ಆ ಕ್ಷಣಕ್ಕೆ 1 ಕೋಟಿ ವಾಟ್.

ಪ್ರಶ್ನೆ: ಕಣ ಜಾಸ್ತಿ ಸಿಗಲಿ ಅಂತ ಅದೇ ನೀರಿನಲ್ಲಿ ಗಂಟೆಗಟ್ಟಲೆ ಹೊಡೆಯಲಾ?

ಬೇಡ. ತೇಲುವ ಕಣಗಳೇ ಕಿರಣಕ್ಕೆ ಅಡ್ಡ ಬರುತ್ತವೆ. ನೀರು ಬದಲಿಸಿ, ಬಿಲ್ಲೆ ಸರಿಸುತ್ತಿರಿ.

ಪ್ರಶ್ನೆ: ಲೇಸರ್‌ನಿಂದ ಮಾಡಿದ ಚಿನ್ನದ ನೀರು ‘ರಾಸಾಯನಿಕ ಮುಕ್ತ’ವಂತೆ, ಕುಡಿಯಬಹುದಾ?

ಚಿನ್ನವೂ ರಾಸಾಯನಿಕವೇ. ಕುಡಿಯಬೇಡಿ, ಮಾರುವವರ ಮಾತಿಗೆ ಮರುಳಾಗಬೇಡಿ.

ಪ್ರಶ್ನೆ: ನನ್ನ ಲೇಸರ್‌ನ 1064 ನ್ಯಾನೋಮೀಟರ್ ಕಿರಣ ಕಾಣಿಸುವುದೇ ಇಲ್ಲ, ಕನ್ನಡಕ ಬೇಕಾ?

ಕಾಣಿಸದೇ ಇರುವುದಕ್ಕೇ ಬೇಕು. ರೆಪ್ಪೆ ಮುಚ್ಚುವ ಮೊದಲೇ ರೆಟಿನಾ ಸುಟ್ಟಿರುತ್ತದೆ. ಆ ಅಲೆಯುದ್ದಕ್ಕೆಂದೇ ಮಾಡಿದ ಕನ್ನಡಕ ಹಾಕಿ, ಕಿರಣ ಅದಕ್ಕೆ ತಾಗಿ ಕಣ್ಣಿಗೆ ಚಿಮ್ಮದ ಹಾಗೆ ಕೈಗಡಿಯಾರ ಬಿಚ್ಚಿಡಿ.