ಮುಚ್ಚಳ ತೆಗೆದರೆ ಸಾಕಿದ ಟ್ಯಾರಂಟುಲಾ (ರೋಮವಿರುವ ದೊಡ್ಡ ಜೇಡ) ಮುಂಗಾಲೆತ್ತುತ್ತದೆ ಅಂದಿದ್ದಕ್ಕೆ
ಬಹುಶಃ ಪೊರೆ ಬಿಡುವ ಹೊತ್ತು ಹತ್ತಿರ ಬಂದಿದೆ. ಎರಡು ವಾರದಿಂದ ತಿಂದಿಲ್ಲ, ನೀರಿಡಲು ಹೋದರೂ ಕೋರೆಹಲ್ಲು ತೋರಿಸುತ್ತದೆ ಅಂದಿರಲ್ಲ, ಅದು ಸಿಟ್ಟಲ್ಲ, ಹೆದರಿಕೆ. ನನ್ನದೂ ಹೀಗೇ ಮಾಡಿತ್ತು. ಹೊಟ್ಟೆ ಮೇಲಿನ ಬೋಳು ಜಾಗ ಕಪ್ಪಾಗಿದ್ದರೆ ಹೆಚ್ಚುಕಡಿಮೆ ಗ್ಯಾರಂಟಿ.

ಮೊದಲು ಊಟಕ್ಕೆಂದು ಹಾಕಿ ಪೆಟ್ಟಿಗೆಯಲ್ಲಿ ಉಳಿದ ಜೀವಂತ ಹುಳ ತೆಗೆಯಿರಿ. ಪೊರೆ ಬಿಟ್ಟು ಮೆತ್ತಗಾದ ಜೇಡವನ್ನು ಅದೇ ಕಚ್ಚೀತು. ಆಮೇಲೆ ನೀರಿಡಲು ಉದ್ದ ಚಿಮಟ ಬಳಸಿ, ಬೆರಳು ಬೇಡ. ನಿಮ್ಮ ಉಸಿರು ತಾಗಿದರೂ ಬೆಚ್ಚುತ್ತದೆ. ಹಿಂಗಾಲಲ್ಲಿ ಹೊಟ್ಟೆ ಉಜ್ಜತೊಡಗಿದರೆ ತಕ್ಷಣ ಮುಚ್ಚಿಬಿಡಿ: ಅಮೆರಿಕ ಖಂಡಗಳ ಬಹಳಷ್ಟು ಜಾತಿಗಳು ಹಾಗೆ ತುರಿಕೆ ರೋಮ ಹಾರಿಸುತ್ತವೆ, ಕಣ್ಣಿಗೆ ಬಿದ್ದರೆ ಕಷ್ಟ.

ಅಂಗಾತ ಮಲಗಿದ್ದರೆ ಸತ್ತಿದೆ ಅಂತ ಸುಮ್ನೆ ಮುಟ್ಟಬೇಡಿ, ಪೊರೆ ಬಿಡುವುದೇ ಹಾಗೆ. ಪೊರೆ ಬಿಟ್ಟಾಗ ಬೆಳ್ಳಗಿರುವ ಕೋರೆಹಲ್ಲು ಪೂರ್ತಿ ಕಪ್ಪಾದ ಮೇಲೆ ಊಟ ಕೊಡಿ.